ಹಾಲುಹಲ್ಲು ಬೀಳುವ ತನಕ

ಬೇರೆ ಊರುಗಳಲ್ಲಿ ಮಕ್ಕಳಿಲ್ಲದ ಹೆಂಗಸನ್ನು ತೊಟ್ಟಿಲು ಶಾಸ್ತ್ರಕ್ಕೆ ಕರೆಯಲು ಹಿಂದೆಮುಂದೆ ನೋಡುತ್ತಾರಂತೆ. ನಮ್ಮ ಊರಿನಲ್ಲಿ ಮೊದಲ ಕರೆ ನಮ್ಮ ಮನೆಗೇ ಬರುತ್ತಿತ್ತು. ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತವರು, "ಮಂಗಳಕ್ಕಾ, ನೀವು ಬರದೇ ಇದ್ರೆ ಮಗೂನ ತೊಟ್ಟಿಲಿಗೇ ಹಾಕಲ್ಲ" ಎನ್ನುತ್ತಿದ್ದರು. ನನ್ನ ಹೆಂಡತಿ ಸರ್ವಮಂಗಳ ಇದ್ದ ಒಂದೇ ರೇಷ್ಮೆ ಸೀರೆ ಉಟ್ಟು ಹೋಗುತ್ತಿದ್ದಳು. ಅವಳನ್ನು ಮುಂದೆ ಕೂರಿಸಿ, ಮೊದಲು ಅವಳಿಗೇ ಮಡಿಲು ತುಂಬಿ, ಬೇಡ ಬೇಡ ಎಂದರೂ ಇನ್ನೊಂದು ಒಬ್ಬಟ್ಟು ಹಾಕಿ, ಹೊರಡುವಾಗ ಹಿತ್ತಲ ಬಾಗಿಲಿನಿಂದ ಒಂದು ದೊಡ್ಡ ಮೂಟೆಯನ್ನು ಕೈಗೆ ಕೊಡುತ್ತಿದ್ದರು. ಒಡೆದ ಬಲೂನುಗಳು, ಥರ್ಮೊಕೋಲಿನಲ್ಲಿ ಕೊರೆದ ಮಗುವಿನ ಹೆಸರು, ಮಿಂಚಿನ ಕಾಗದ, ಐಸ್‌ಕ್ರೀಮಿನ ಕಪ್ಪುಗಳು, ಹೀಗೆ ಶಾಸ್ತ್ರದ ಸಂಭ್ರಮವೆಲ್ಲ ಅದರೊಳಗೆ ಇರುತ್ತಿತ್ತು. ನಾನು ಬೀದಿಯ ತುದಿಯಲ್ಲಿ ಸೈಕಲ್ ಹಿಡಿದು ಕಾದಿರುತ್ತಿದ್ದೆ. ಮೂಟೆಯನ್ನು ಕ್ಯಾರಿಯರಿಗೆ ಕಟ್ಟಿ ಮನೆಗೆ ತಂದರೆ ಮಂಗಳ ಅದನ್ನು ಹಿತ್ತಲಿನ ಗುಂಡಿಗೆ ಎಸೆಯುತ್ತಿದ್ದಳು. ಬೆಳಗ್ಗೆ ನೋಡಿದರೆ ಗುಂಡಿ ಖಾಲಿ.

ನಮ್ಮ ಊರಿಗೆ ಹೊಸದಾಗಿ ಬಂದವರಿಗೆ ಮನೆ ಬಾಡಿಗೆಗೆ ಕೊಡುವಾಗಲೇ ಈ ವಿಷಯ ಹೇಳಿಬಿಡುತ್ತಾರೆ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ, ಹಾಲು ಯಾರು ಹಾಕುತ್ತಾರೆ ಎಂಬುದರ ಜೊತೆಗೆ. ಒಂದು ಮನೆಯವರು ಎಸೆದದ್ದರಲ್ಲಿ ಮಣ್ಣಿನಲ್ಲಿ ಕೊಳೆಯದಿರುವುದೆಲ್ಲ ಮರುದಿನ ಬೆಳಗ್ಗೆ ಆ ಮನೆಯ ಎಲ್ಲರಿಗಿಂತ ಚಿಕ್ಕ ಮಗುವಿನ ಹಾಸಿಗೆಯ ಪಕ್ಕ ಬಂದು ಕೂತಿರುತ್ತದೆ. ಹೊಳೆಗೆ ಬಿಟ್ಟರೂ ಬರುತ್ತದೆ, ಹೂತರೂ ಬರುತ್ತದೆ. ಸುಟ್ಟರೆ ಕರಗಿದ ಮುದ್ದೆಯಾಗಿ ಬರುತ್ತದೆ, ವಾಸನೆಯ ಸಮೇತ. ಮಗುವಿನ ಮೇಲೆ ಒಂದು ಚೂರೂ ಬೀಳುವುದಿಲ್ಲ, ಪಕ್ಕದಲ್ಲಿರುತ್ತದೆ, ಅಷ್ಟೆ. ಮಗುವಿನ ಮೊದಲ ಹಾಲುಹಲ್ಲು ಬಿದ್ದ ದಿನ ಇದು ನಿಂತುಹೋಗುತ್ತದೆ. ಚಿಕ್ಕ ಮಕ್ಕಳಿಲ್ಲದ ಮನೆಯವರು ಎಸೆದದ್ದು ಬರುವುದೇ ಇಲ್ಲ. ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಿದವರಿಲ್ಲ. ಬಾರದೇ ಇರುವ ವಸ್ತುವನ್ನು ಹುಡುಕಿಕೊಂಡು ಹೋಗುವಷ್ಟು ಬಿಡುವು ಯಾರಿಗಿದೆ?

ಹೀಗಾಗಿ ಮಕ್ಕಳಿರುವ ಮನೆಗಳು ಎಂದರೆ ನಮ್ಮ ಊರಿನಲ್ಲಿ ನೋಡುವ ಹಾಗಿರುತ್ತವೆ. ಹಳೆಯ ಸೀರೆ ಹರಿದು ಮಾಡಿದ ಲಂಗೋಟಿಗಳು ತಂತಿಯ ಮೇಲೆ ಸಾಲಾಗಿ ಒಣಗುತ್ತಿರುತ್ತವೆ. ಮಕ್ಕಳು ಜೋಳದ ದಂಟಿನ ಗಾಡಿ, ಬಟ್ಟೆಯ ಗೊಂಬೆ, ತೆಂಗಿನ ಚಿಪ್ಪಿನ ತಕ್ಕಡಿ ಇಟ್ಟುಕೊಂಡು ಆಡುತ್ತವೆ. ಅಪ್ಪಂದಿರು ಸ್ಟೀಲ್ ಡಬ್ಬಿ ಹಿಡಿದು ಅಂಗಡಿಗೆ ಹೋಗಿ ಬಿಸ್ಕತ್ತನ್ನು ಬಿಡಿಯಾಗಿ ಎಣಿಸಿಕೊಂಡು ಬರುತ್ತಾರೆ. ಇದನ್ನು ನೋಡಲು ಹೊರಗಿನಿಂದ ಜನ ವ್ಯಾನು ಮಾಡಿಕೊಂಡು ಬರುತ್ತಾರೆ. ಲಂಗೋಟಿಗಳ ಫೋಟೊ ತೆಗೆದು, "ಎಂಥ ಸಂಸ್ಕಾರ!" ಎಂದು ಕಣ್ಣು ಒರೆಸಿಕೊಳ್ಳುತ್ತಾರೆ. ನಮ್ಮ ಪುರಸಭೆ ಅಧ್ಯಕ್ಷ ಗುರುಬಸಪ್ಪನವರ ಕೋಣೆಯಲ್ಲಿ ಪ್ರಶಸ್ತಿ ಫಲಕಗಳನ್ನು ಇಡಲು ಇನ್ನೊಂದು ಬೀರು ಬೇಕಾಗಿದೆ.

ವ್ಯಾನಿನಲ್ಲಿ ಬಂದವರಿಗೆ ಹಲ್ಲು ಬಿದ್ದ ಮನೆಯನ್ನು ತೋರಿಸುವುದಿಲ್ಲ. ಮನೆಯ ಕೊನೆಯ ಮಗುವಿನ ಮೊದಲ ಹಲ್ಲು ಅಲ್ಲಾಡಲು ಶುರುವಾದರೆ ಸಾಕು, ಅಪ್ಪ ಅಮ್ಮನಿಗೆ ನಿದ್ದೆ ಬರುವುದಿಲ್ಲ. ದಿನಕ್ಕೆ ಹತ್ತು ಸಲ ಬಾಯಿ ತೆರೆಸಿ ನೋಡುತ್ತಾರೆ. ಹಲ್ಲು ಬಿದ್ದ ಸಂಜೆ ಆ ಮಗು ಒಸಡು ಹಿಡಿದುಕೊಂಡು ಅಳುತ್ತಿದ್ದರೆ, ಅಟ್ಟದ ಮೇಲೆ ವರ್ಷಗಳಿಂದ ಕೂಡಿಟ್ಟದ್ದೆಲ್ಲ ಬೀದಿಗೆ ಬರುತ್ತದೆ. ಮರುದಿನದಿಂದ ಆ ಮನೆಯ ಲಂಗೋಟಿ, ಡಬ್ಬಿ, ಸಂಸ್ಕಾರ ಎಲ್ಲ ಮಾಯ. ಪ್ಯಾಕೆಟ್ಟಿನ ಹಾಲು, ಪ್ಯಾಕೆಟ್ಟಿನ ಉಪ್ಪಿನಕಾಯಿ, ನೀರು ಕೂಡ ಪ್ಯಾಕೆಟ್ಟಿನದ್ದೇ. ಇಂಥವರು ಪಕ್ಕದ ಮನೆಯ ಬಾಣಂತಿಯ ಪರವಾಗಿ ಒಂದು ಬಾಟಲಿಯನ್ನೂ ಎಸೆಯುವುದಿಲ್ಲ. "ನಾವು ಅನುಭವಿಸಿಲ್ವಾ? ನೀವೂ ಅನುಭವಿಸಿ" ಎನ್ನುತ್ತಾರೆ.

ಮಂಗಳ ಹಾಗೆ ಹೇಳುವವಳಲ್ಲ. ಮದುವೆಯಾದ ಹೊಸದರಲ್ಲಿ ನಾವೂ ಎಲ್ಲರ ಹಾಗೆ ಎಚ್ಚರವಾಗಿಯೇ ಇದ್ದೆವು. ಹೊಸ ದಂಪತಿ ಮದುವೆಯ ದಿನದಿಂದ ಎಸೆದದ್ದೆಲ್ಲ ಎಲ್ಲೋ ಕಾದಿರುತ್ತದೆ, ಮೊದಲ ಮಗು ಹುಟ್ಟಿ ಅದಕ್ಕೆ ಮೊದಲ ಸಲ ನೀರು ಎರೆದ ಮರುದಿನ ಒಟ್ಟಾಗಿ ಬರುತ್ತದೆ. ಇದು ಊರಿನ ಎಲ್ಲರಿಗೂ ಗೊತ್ತು. ಆಮೇಲೆ ವರ್ಷಗಳು ಕಳೆದವು. ಡಾಕ್ಟರುಗಳು ತಲೆ ಅಲ್ಲಾಡಿಸಿದರು. ಒಂದು ದಿನ ಎದುರು ಮನೆಯ ಪ್ರಮೀಳ, ಚೊಚ್ಚಲ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು, "ಅಕ್ಕಾ, ನೆಂಟರು ಡೈಪರ್ ಹಾಕಿಬಿಟ್ಟಿದ್ರು. ನಮ್ಮನೇಲಿ ಎಸೆದ್ರೆ ನಾಳೆ ಇವನ ಪಕ್ಕಕ್ಕೇ ಬರುತ್ತೆ. ಹೇಗೂ ನಿಮಗೆ..." ಎಂದು ಅಲ್ಲಿಗೇ ನಿಲ್ಲಿಸಿದಳು. ಮಂಗಳ ಕೈ ಚಾಚಿ ಇಸಿದುಕೊಂಡಳು. ಆ ಮಾತನ್ನು ಪ್ರಮೀಳ ಎಂದೂ ಪೂರ್ತಿ ಮಾಡಲಿಲ್ಲ, ಮಾಡುವ ಅಗತ್ಯವೂ ಬರಲಿಲ್ಲ. ವಾರ ಕಳೆಯುವುದರೊಳಗೆ ಇಡೀ ಬೀದಿಗೆ ಸುದ್ದಿಯಾಗಿತ್ತು.

ನಮಗೆ ಅದರಿಂದ ಸಿಕ್ಕ ಮರ್ಯಾದೆಯನ್ನು ನಾನು ಅಲ್ಲಗಳೆಯುವುದಿಲ್ಲ. ಬೆಳಗ್ಗೆ ಬಾಗಿಲು ತೆಗೆದರೆ ಯಾರದೋ ಮನೆಯ ಬಿಸಿ ಇಡ್ಲಿ, ಅದರ ಕೆಳಗೆ ಒಂದು ಚೀಲ. ಮಲ್ಲಿಗೆ ದಂಡೆ, ಅದರ ಜೊತೆಗೆ ಹಾಲು ಕುಡಿಸುವ ಬಾಟಲಿಗಳು. ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರಿಗೆ ಎಲ್ಲಿಯೂ ಸಿಗದ ಗೌರವ ನನಗೆ ಸಂತೆಯಲ್ಲಿ ಸಿಗುತ್ತಿತ್ತು. "ಮಂಗಳಕ್ಕನ ಯಜಮಾನ್ರು, ಒಳ್ಳೇ ಬದನೆಕಾಯಿ ಆರಿಸಿಕೊಡೋ" ಎನ್ನುತ್ತಿದ್ದರು. ಶುಕ್ರವಾರ ದೇವಸ್ಥಾನದಲ್ಲಿ ಬೀದಿಯ ಹೆಂಗಸರೆಲ್ಲ ಮಂಗಳನಿಗೆ ಮಗುವಾಗಲಿ ಎಂದು ಗಟ್ಟಿಯಾಗಿ ಬೇಡಿಕೊಳ್ಳುತ್ತಿದ್ದರು. ದೇವರು ಅದನ್ನು ಅಷ್ಟೊಂದು ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆ ಎಂದು ಅವರು ಎಣಿಸಿರಲಿಲ್ಲ.

ಅವಳಿಗೆ ನಲವತ್ತೊಂದು ತುಂಬಿತ್ತು. ಪುರಸಭೆಯವರಿಗಾಗಿ ನಾನು ಜಗಲಿಯಲ್ಲಿ ಬ್ಯಾನರ್ ಹರಡಿಕೊಂಡು 'ಕಸಮುಕ್ತ ಊರು' ಎಂದು ಬರೆಯುತ್ತಿದ್ದೆ. ಮಂಗಳ ಬಂದು ಹೊಸಿಲ ಮೇಲೆ ಕೂತಳು.

"ರೀ, ಆ 'ಮುಕ್ತ' ಇದೆಯಲ್ಲ, ಅದನ್ನ ಸ್ವಲ್ಪ ತಡೀರಿ."

"ಯಾಕೆ? ಕಾಗುಣಿತ ತಪ್ಪಾ?"

"ಕಾಗುಣಿತ ಸರಿಯಾಗೇ ಇದೆ. ನಾನು ಆಸ್ಪತ್ರೆಗೆ ಹೋಗಿದ್ದೆ. ಮೂರು ತಿಂಗಳಂತೆ."

ನಾನು ಕುಂಚವನ್ನು ಹಸಿರು ಬಣ್ಣದ ಡಬ್ಬಿಯ ಬದಲು ಕಾಫಿ ಲೋಟಕ್ಕೆ ಅದ್ದಿದೆ. ಅವಳು ನಕ್ಕಳು. ನಕ್ಕವಳು ಅಳುವುದಕ್ಕೆ ಶುರುಮಾಡಿದಳು. ನಾನೂ ಪಕ್ಕ ಕೂತೆ. ಆಮೇಲೆ ಇಬ್ಬರ ಕಣ್ಣೂ ಒಟ್ಟಿಗೇ ಹಿತ್ತಲಿನ ಕಡೆ ಹೋಯಿತು. ನಮ್ಮ ಮದುವೆಯಾಗಿ ಹದಿನಾರು ವರ್ಷ. ಅದರಲ್ಲಿ ಒಂದು ಇಡೀ ಬೀದಿಯ ಹನ್ನೆರಡು ವರ್ಷ.

"ಎಷ್ಟಿರಬೋದ್ರೀ?" ಎಂದು ಮಂಗಳ ಮೆಲ್ಲಗೆ ಕೇಳಿದಳು.

ನಮ್ಮ ಮನೆ ಎರಡು ಕೋಣೆಯದು. ಅದರೊಳಗೆ ಅದು ಹಿಡಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಮಗುವಿನ ಮೇಲೆ ಬೀಳುವುದಿಲ್ಲ, ನಿಜ. ಆದರೆ ಪಕ್ಕದ ಗೋಡೆ ಒಡೆದರೆ, ಅದರ ಮೇಲಿನ ಸೂರು ಬಿದ್ದರೆ, ಆ ಹೆಂಚು ಎಲ್ಲಿಗೆ ಬೀಳಬೇಕು ಎಂಬ ಬಗ್ಗೆ ಯಾವ ನಿಯಮವೂ ಇಲ್ಲ.

ಸುದ್ದಿ ಹರಡಿದ ದಿನ ಬೀದಿ ಸಂಭ್ರಮಪಟ್ಟಿತು ಎಂದೇ ಹೇಳಬೇಕು. ಎಲ್ಲರೂ ಬಂದರು, ಎಲ್ಲರೂ ಸಕ್ಕರೆ ತಿಂದರು, ತಿನ್ನುತ್ತಲೇ ನಮ್ಮ ಹಿತ್ತಲಿನ ಕಡೆ ಇಣುಕಿದರು. ಪ್ರಮೀಳ ಮಂಗಳನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವಳ ಕಿರಿಯ ಮಗಳು ಬಿಂದುವಿಗೆ ಇನ್ನೂ ಐದು ವರ್ಷ, ಒಂದು ಹಲ್ಲೂ ಅಲ್ಲಾಡುತ್ತಿರಲಿಲ್ಲ. ಅವಳ ಗಂಡ ಜಯದೇವನಿಗೆ ಫ್ಯಾನ್ಸಿ ಸ್ಟೋರು ಬೇರೆ. ಆ ಅಳುವಿನಲ್ಲಿ ನಮ್ಮ ಪಾಲೆಷ್ಟು, ಅವಳ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟವಿತ್ತು. ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ಜಗಲಿ ತುಂಬ ಚೀಲಗಳು. ಹೆರಿಗೆಯಾದ ಮೇಲೆ ಮಂಗಳಕ್ಕನ ಕೈ ನಡೆಯುವುದಿಲ್ಲ, ಅಷ್ಟರೊಳಗೆ ಅಟ್ಟ ಖಾಲಿ ಮಾಡಿಕೊಳ್ಳೋಣ ಎಂದು ಎಲ್ಲರಿಗೂ ಒಂದೇ ಸಲ ಹೊಳೆದಿತ್ತು. ಇಡ್ಲಿ ಮಾತ್ರ ಇರಲಿಲ್ಲ.

ಮಂಗಳ ಚೀಲಗಳನ್ನು ಒಂದೊಂದಾಗಿ ಅವರವರ ಬಾಗಿಲಿಗೆ ಇಟ್ಟು ಬಂದಳು. ನಮ್ಮ ದಾಂಪತ್ಯದಲ್ಲಿ ಅವಳು ಯಾರಿಗಾದರೂ ಇಲ್ಲ ಎಂದದ್ದನ್ನು ನಾನು ಕಂಡದ್ದು ಅಂದೇ ಮೊದಲು. ಆ ವಾರದ ಸಂತೆಯಲ್ಲಿ ನನಗೆ ಹುಳುಕು ಬದನೆಕಾಯಿ ಬಿತ್ತು.

ಸ್ವಲ್ಪ ದಿನ ಕಳೆದ ಮೇಲೆ ಗುರುಬಸಪ್ಪನವರು ತಾವೇ ಮನೆಗೆ ಬಂದರು. ಹೊರಗಿನಿಂದ ಒಂದು ದೊಡ್ಡ ತಂಡ ನಮ್ಮ ಊರನ್ನು ನೋಡಲು ಬರುವುದಿತ್ತು. ಚಿಕ್ಕ ಮಕ್ಕಳಿರುವ ಕುಟುಂಬಗಳು ಹೇಗೆ ಬದುಕಬೇಕು ಎಂಬುದಕ್ಕೆ ನಮ್ಮ ಊರನ್ನೇ ಮಾದರಿ ಎಂದು ಸಾರುವವರಿದ್ದರು. ಅವರು ಬರುವುದೂ ಮಂಗಳನ ದಿನ ತುಂಬುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ" ಎಂದರು ಅಧ್ಯಕ್ಷರು. "ಮೊದಲನೇ ಹೆರಿಗೆ ತವರಲ್ಲೇ ಆಗ್ಬೇಕು. ಅದು ಪದ್ಧತಿ. ಊರ ಗಡಿ ದಾಟಿದ್ರೆ ಇದೆಲ್ಲ ಏನೂ ನಡೆಯಲ್ಲ, ನಿಮಗೂ ಗೊತ್ತು. ನಮ್ಮ ತಂಗೀನ ಕಳಿಸಿಕೊಡಿ."

"ವಾಪಸ್ ಬಂದ ದಿನ ಬರುತ್ತಲ್ಲ ಸಾರ್."

"ಅದಕ್ಕೇ ಅವಸರ ಮಾಡ್ಕೊಂಡು ವಾಪಸ್ ಬರೋದು ಬೇಡ ಅಂತೀನಿ."

"ಎಷ್ಟು ದಿನ ಇರಬೇಕು?"

"ಜಾಸ್ತಿ ಏನಿಲ್ಲ. ಮಗೂಗೆ ಹಲ್ಲು ಬೀಳೋ ತನಕ. ನಿಮ್ಮನ್ನೂ ಆ ಕಡೆಗೇ ವರ್ಗ ಮಾಡಿಸ್ತೀನಿ. ಅಲ್ಲಿ ಡ್ರಾಯಿಂಗ್ ಮೇಷ್ಟ್ರಿಗೆ ಒಳ್ಳೇ ಹೆಸರಿದೆ."

ಮಂಗಳ ಕಾಫಿ ತಂದಿಟ್ಟಳು. "ಅಣ್ಣಾ, ನನ್ನ ತವರಲ್ಲಿ ಈಗಿರೋದು ನಮ್ಮಣ್ಣನ ಅತ್ತೆ ಒಬ್ರೇ. ಅವರಿಗೆ ನನ್ನ ಹೆಸರೂ ನೆನಪಿಲ್ಲ. ನಾನು ಹನ್ನೆರಡು ವರ್ಷ ಈ ಬೀದಿ ಜೊತೆ ಕೈ ಜೋಡಿಸಿದೀನಿ. ಈಗ ಬೀದಿ ನನ್ನ ಜೊತೆ ಒಂದು ಬೆಳಗ್ಗೆ ಕೈ ಜೋಡಿಸಿದ್ರೆ ಸಾಕು. ಅವರವರದ್ದು ಅವರವರು ಬಂದು ತಗೊಂಡು ಹೋಗಲಿ" ಎಂದಳು.

ಗುರುಬಸಪ್ಪನವರು ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದರು. ಬಾಯಿ ಸುಟ್ಟಿರಬೇಕು, ಉಸ್ ಉಸ್ ಎನ್ನುತ್ತಲೇ ಚಪ್ಪಲಿ ಮೆಟ್ಟಿ ಹೊರಟರು.

ಸೀಮಂತಕ್ಕೆ ಮಂಗಳ ಇಡೀ ಬೀದಿಯನ್ನು ಕರೆದಳು. ಕುತೂಹಲಕ್ಕೋ ಹಳೆಯ ಋಣಕ್ಕೋ ಎಲ್ಲರೂ ಬಂದರು. ಆರತಿ ಆದ ಮೇಲೆ ಹಸಿರು ಸೀರೆಯಲ್ಲಿ ಉಬ್ಬಸ ಪಡುತ್ತ ಕೂತಿದ್ದ ಅವಳು ಅದೇ ಮಾತನ್ನು ಎಲ್ಲರೆದುರು ಹೇಳಿದಳು. ಮಗುವಿಗೆ ಎರೆದ ಮರುದಿನ ಬೆಳಗ್ಗೆ ಒಂದು ಸಲ ಬನ್ನಿ, ನಿಮ್ಮ ನಿಮ್ಮದನ್ನು ಗುರುತಿಸಿ ತೆಗೆದುಕೊಂಡು ಹೋಗಿ. ಮತ್ತೇನೂ ಕೇಳುವುದಿಲ್ಲ ಎಂದಳು.

"ಅಯ್ಯೋ, ಇದನ್ನೂ ಹೇಳಬೇಕಾ ಅಕ್ಕಾ!" ಎಂದಳು ಪ್ರಮೀಳ.

"ನಮ್ಮದು ನಾವು ತಗೊಳ್ದೆ ಇರ್ತೀವಾ?" ಎಂದ ಜಯದೇವ, ಹೋಳಾದ ಬಾದಾಮಿಯನ್ನು ಪಾಯಸದಿಂದ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತ.

ಎಲ್ಲರೂ ಖಂಡಿತ ಎಂದರು. ಹಾಗೆ ಹೇಳಿದವರ ಮುಖಗಳು ಅಷ್ಟು ಪ್ರಾಮಾಣಿಕವಾಗಿದ್ದವು. ನಾನು ಅಲ್ಲೇ ಅವರ ಚಿತ್ರ ಬರೆದುಕೊಳ್ಳಬೇಕಾಗಿತ್ತು.

ಹೆಣ್ಣು ಮಗು ಹುಟ್ಟಿತು. ಎರೆಯುವುದಕ್ಕೆ ದೊಡ್ಡತಾಯಮ್ಮ ಬಂದಳು. ನಮ್ಮ ಬೀದಿಯ ಅರ್ಧ ಮಕ್ಕಳನ್ನು ಕಾಲ ಮೇಲೆ ಹಾಕಿಕೊಂಡು ತಿಕ್ಕಿದವಳು ಆಕೆ. ಸ್ವಂತಕ್ಕೆ ಯಾರೂ ಇಲ್ಲ, ಬಾಯಿಗೆ ಬಾಗಿಲೂ ಇಲ್ಲ. ಮಗುವನ್ನು ನೀರಿನಿಂದ ಎತ್ತಿ ಸಾಂಬ್ರಾಣಿ ಹೊಗೆ ಹಿಡಿಯುತ್ತ, "ನಾಳೆ ಎಲ್ಲಿ ಮಲಗಿಸ್ತೀರ ಈ ಕೂಸ್ನ?" ಎಂದು ಕೇಳಿದಳು. ನಾನು ಅದನ್ನು ತಿಂಗಳುಗಳಿಂದ ಯೋಚಿಸಿಟ್ಟಿದ್ದೆ. ಶಾಲೆಗೆ ರಜೆ, ಗೇಟಿನ ಕೀಲಿ ನನ್ನಲ್ಲಿತ್ತು. ಆಟದ ಬಯಲಿನ ನಟ್ಟನಡುವೆ, ಬೀಳುವುದಕ್ಕೆ ಯಾವ ಗೋಡೆಯೂ ಇಲ್ಲದ ಕಡೆ, ತೊಟ್ಟಿಲು ಇಡಬೇಕು.

"ಹಸಿ ಬಾಣಂತೀನ ಬಯಲಿಗೆ ಕರ್ಕೊಂಡು ಹೋಗ್ತೀಯ? ನಿಂಗೇನು ಬುದ್ಧಿ ಕೆಟ್ಟಿದ್ಯಾ ಮೇಷ್ಟ್ರೆ?" ಎಂದು ದೊಡ್ಡತಾಯಮ್ಮ ಕೂಗಾಡಿದಳು. ಕೂಗಾಡಿ ಆದ ಮೇಲೆ ತಾನೇ ಮಂಗಳನ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಎರಡು ಕಂಬಳಿ ಹೊದಿಸಿ ನಡೆಸಿಕೊಂಡು ಬಂದಳು.

ಬೆಳಕು ಹರಿಯುವ ಮೊದಲೇ ನಾವು ಬಯಲಿನಲ್ಲಿದ್ದೆವು. ತೊಟ್ಟಿಲಿನಲ್ಲಿ ಮಗು ನಿದ್ದೆ ಮಾಡುತ್ತಿತ್ತು. ವಸ್ತುಗಳು ಬರುವುದನ್ನು ಯಾರೂ ಕಣ್ಣಾರೆ ಕಂಡವರಿಲ್ಲ ಎನ್ನುತ್ತಾರೆ. ನಾನು ಕಂಡೇ ಕಾಣುತ್ತೇನೆ ಎಂದು ಕಣ್ಣು ಪಿಳುಕಿಸದೆ ಕೂತಿದ್ದೆ. ಅಷ್ಟರಲ್ಲಿ ದೊಡ್ಡತಾಯಮ್ಮ ಜೋರಾಗಿ ಸೀನಿದಳು. ನಾವಿಬ್ಬರೂ ಅವಳ ಕಡೆ ತಿರುಗಿದೆವು. ಮತ್ತೆ ಈ ಕಡೆ ತಿರುಗಿದರೆ ತೊಟ್ಟಿಲು ಕಾಣಲಿಲ್ಲ.

ಅದು ಗುಡ್ಡವೇ. ಶಾಲೆಯ ಮಾಳಿಗೆಗಿಂತ ಎತ್ತರ. ಬಾಟಲಿ, ಬಕೆಟ್ಟು, ಗಾಲಿ ಹೋದ ಸೈಕಲ್ಲು, ಮುಖವಿಲ್ಲದ ಗೊಂಬೆಗಳು, ಸಾವಿರಾರು ಶಾಂಪೂ ಚೀಟಿಗಳು, ಔಷಧದ ಬುಡ್ಡಿ, ಮಡಚಿದ ಡೈಪರುಗಳು, ಯಾವ ಯಾವುದೋ ಮಕ್ಕಳ ಥರ್ಮೊಕೋಲಿನ ಹೆಸರುಗಳು. ಮಂಗಳ ಕಂಬಳಿ ಎಸೆದು ಅದರೊಳಕ್ಕೆ ನುಗ್ಗಿದಳು. ನಾನು ಹಿಂದೆಯೇ ಓಡಿದೆ. ಗುಡ್ಡದ ನಡುವೆ ಬಾವಿಯಂಥ ಒಂದು ಜಾಗ ಖಾಲಿ ಇತ್ತು. ಅದರೊಳಗೆ ತೊಟ್ಟಿಲು, ತೊಟ್ಟಿಲಿನೊಳಗೆ ಮಗು, ಮುಷ್ಟಿ ಬಾಯಿಗಿಟ್ಟುಕೊಂಡು ಹಾಗೇ ಮಲಗಿತ್ತು. ಮಂಗಳ ಅದನ್ನೆತ್ತಿ ಎದೆಗೆ ಒತ್ತಿಕೊಂಡಳು. ಆಗ ಎದ್ದು ಅತ್ತಿತು, ನಮ್ಮ ಪ್ರಾಣ ಬಂತು.

ಜನ ಬಂದರು. ಬಂದವರು ಗೇಟಿನ ಆಚೆಯೇ ನಿಂತರು. ನಾನು ಗೇಟು ತೆರೆದೆ. ಒಬ್ಬೊಬ್ಬರಾಗಿ ಗುಡ್ಡದ ಸುತ್ತ ಒಂದು ಸುತ್ತು ಬಂದರು, ದೇವರ ಪ್ರದಕ್ಷಿಣೆ ಮಾಡಿದ ಹಾಗೆ, ಕೈಗಳನ್ನು ಹಿಂದೆ ಕಟ್ಟಿಕೊಂಡು.

"ನಮ್ಮದು ಯಾವುದೂ ಕಾಣ್ತಿಲ್ಲ ಅಕ್ಕಾ" ಎಂದಳು ಪ್ರಮೀಳ. "ಅಡೀಲಿರಬೇಕು."

"ಇದೆಲ್ಲ ಕೆಳಗಿನ ಬೀದಿಯವರದ್ದು" ಎಂದ ಜಯದೇವ. ಅವನ ಕಾಲ ಹತ್ತಿರವೇ ಅವನ ಅಂಗಡಿಯ ಹೆಸರು ಅಚ್ಚಾದ ಚೀಲಗಳ ಒಂದು ಕಟ್ಟು ಬಿದ್ದಿತ್ತು. ಅವನು ಅದನ್ನು ಕಾಲಿನಿಂದ ಮೆಲ್ಲಗೆ ಮಗುಚಿ ಹಾಕಿದ.

ಮಂಗಳ ಮಗುವಿಗೆ ಹಾಲು ಕುಡಿಸುತ್ತ ಶಾಲೆಯ ಜಗಲಿಯಲ್ಲಿ ಕೂತು ಎಲ್ಲರನ್ನೂ ನೋಡುತ್ತಿದ್ದಳು. ಅವಳ ಕಣ್ಣಿಗೆ ಸಿಕ್ಕಿದವರು ಬೇರೆ ಕಡೆ ತಿರುಗಿ ಹವೆಯ ವಿಷಯ ಮಾತಾಡಿದರು.

ಅಷ್ಟರಲ್ಲಿ ವ್ಯಾನು ಬಂತು. ತಂಡದವರು ಊರು ಪ್ರವೇಶಿಸುವಾಗಲೇ ಗುಡ್ಡ ಕಂಡಿತ್ತು. ಕಾಣದೇ ಇರುವಂಥದ್ದಾಗಿರಲಿಲ್ಲ ಅದು. ಗುರುಬಸಪ್ಪನವರು ಜೀಪಿನಿಂದ ಇಳಿದು ಓಡಿ ಬಂದರು. ಒಂದು ಕ್ಷಣ ಅವರ ಮುಖ ಬಿಳಿಚಿಕೊಂಡಿತು. ಮರುಕ್ಷಣವೇ ನನ್ನ ಹೆಗಲ ಮೇಲೆ ಅವರ ಕೈ ಇತ್ತು.

"ಇವರು ನಮ್ಮೂರಿನ ಕಲಾವಿದರು" ಎಂದರು ತಂಡದ ಮುಖ್ಯಸ್ಥೆಗೆ. "ಬೇರೆ ಊರುಗಳು ಹೇಗಿರ್ತವೆ ಅಂತ ನಮ್ಮ ಮಕ್ಕಳಿಗೂ ಗೊತ್ತಾಗಲಿ ಅಂತ ಈ ಕಲಾಕೃತಿ ಮಾಡಿದಾರೆ. ಎಲ್ಲಾ ಹೊರಗಿನಿಂದ ತರಿಸಿದ್ದು. ನಮ್ಮಲ್ಲಿ ಇಂಥದ್ದು ಒಂದು ಚೂರೂ ಸಿಗಲ್ಲವಲ್ಲ!"

ಮುಖ್ಯಸ್ಥೆ ಕನ್ನಡಕ ತೆಗೆದು ಗುಡ್ಡವನ್ನು ಮೇಲಿನಿಂದ ಕೆಳಗೆ ನೋಡಿದರು. ಮಂಗಳ ನುಗ್ಗಿ ಮಾಡಿದ ಸಂದಿನಲ್ಲಿ ಇಣುಕಿ, ಗುಡ್ಡದ ನಡುವಿನ ತೊಟ್ಟಿಲನ್ನು ಕಂಡು ಕಣ್ಣು ಒರೆಸಿಕೊಂಡರು. "ಆ ತೊಟ್ಟಿಲು ಇಟ್ಟಿದ್ದೀರಲ್ಲ, ಅದ್ಭುತ" ಎಂದು ನನ್ನ ಕೈ ಕುಲುಕಿದರು. ನಾನು ಬಾಯಿ ತೆರೆದೆ. ನನ್ನ ಮೂವತ್ತು ವರ್ಷದ ಚಿತ್ರಕಲೆಯಲ್ಲಿ ಇದೇ ಮೊದಲ ಮೆಚ್ಚುಗೆಯಾದ್ದರಿಂದ ಏನು ಹೇಳಬೇಕೆಂದು ತಕ್ಷಣ ತಿಳಿಯಲಿಲ್ಲ. ತಿಳಿಯುವುದರೊಳಗೆ ಅವರು ಲಂಗೋಟಿಗಳ ಫೋಟೊ ತೆಗೆಯಲು ಹೊರಟಾಗಿತ್ತು.

ಬೀದಿಯವರಿಗೆ ಅದು ದೊಡ್ಡ ಉಪಕಾರವಾಯಿತು. ಕಲಾಕೃತಿ ಎಂದ ಮೇಲೆ ಅದರಿಂದ ಏನನ್ನಾದರೂ ಎತ್ತಿಕೊಂಡು ಹೋಗುವುದು ಕಳ್ಳತನವಾಗುತ್ತದೆ. ಎಲ್ಲರೂ ನೆಮ್ಮದಿಯಾಗಿ ಗೇಟಿನ ಕಡೆ ಹೊರಟರು. ಆಗ ಬಿಂದು ಅಮ್ಮನ ಕೈ ಕೊಸರಿಕೊಂಡು ಓಡಿಹೋಗಿ ಗುಡ್ಡದ ಬುಡದಿಂದ ಒಂದು ನೀಲಿ ಪ್ಲಾಸ್ಟಿಕ್ ಆನೆಯನ್ನು ಎಳೆದು ತೆಗೆದಳು. ಅದಕ್ಕೆ ಒಂದೂವರೆ ಕಿವಿ.

"ಅಮ್ಮಾ! ನನ್ನ ಆನೆ!"

"ಅದು ನಮ್ಮದಲ್ಲ ಪುಟ್ಟಾ. ಅಲ್ಲೇ ಇಡು."

"ನಮ್ದೇ! ಅಪ್ಪ ಅಂಗಡಿಯಿಂದ ತಂದಿದ್ದು. ಕಿವಿ ನಾನೇ ಕಚ್ಚಿದ್ದು. ನೋಡು." ಅವಳು ಉಳಿದ ಅರ್ಧ ಕಿವಿಯನ್ನು ಬಾಯಿಗೆ ಇಟ್ಟು ಹಲ್ಲಿನ ಗುರುತಿಗೆ ಹಲ್ಲು ಹೊಂದಿಸಿ ತೋರಿಸಿದಳು. ಸರಿಯಾಗಿ ಕೂತಿತು. "ನೀನು ಆನೆ ಕಾಡಿಗೆ ಹೋಯ್ತು ಅಂದಿದ್ದೆ. ಇಲ್ಲೇ ಇದೆ!"

ಪ್ರಮೀಳ ಅತ್ತ ಇತ್ತ ನೋಡಿದಳು. ಅಷ್ಟರಲ್ಲಿ ಉಳಿದ ಮಕ್ಕಳು ಗುಡ್ಡ ಹತ್ತಿಯಾಗಿತ್ತು. ತಮ್ಮ ವಸ್ತುಗಳು ಕಾಡಿಗೆ, ಅಜ್ಜಿಯ ಮನೆಗೆ, ಚಂದಮಾಮನ ಹತ್ತಿರಕ್ಕೆ ಹೋಗಿವೆ ಎಂದು ನಂಬಿಕೊಂಡಿದ್ದ ಮಕ್ಕಳೆಲ್ಲ ಕೂಗಾಡುತ್ತ ಅವುಗಳನ್ನು ಹುಡುಕಿ ತೆಗೆದವು. ಕಾರು, ತುತ್ತೂರಿ, ರೈಲಿನ ಒಂದು ಡಬ್ಬಿ. ಮೀಸೆ ಚಿಗುರುತ್ತಿದ್ದ ನನ್ನ ಹತ್ತನೇ ತರಗತಿಯ ವಿದ್ಯಾರ್ಥಿಯೊಬ್ಬ ಮುರಿದ ಮೂರುಗಾಲಿ ಸೈಕಲ್ಲನ್ನು ತಬ್ಬಿಕೊಂಡು ನಿಂತಿದ್ದ. ತನ್ನದೇ ಹೆಸರಿನ ಥರ್ಮೊಕೋಲು ಸಿಕ್ಕಿದ ಹುಡುಗಿಯೊಬ್ಬಳು ಅದನ್ನು ತಲೆಯ ಮೇಲೆ ಹೊತ್ತು ಬೀದಿಯುದ್ದಕ್ಕೂ ಮೆರವಣಿಗೆ ಹೋದಳು. ಅಪ್ಪ ಅಮ್ಮಂದಿರು ಬೇಡ ಎಂದರು, ಗದರಿದರು. ಆದರೆ ಕೈಯಲ್ಲಿ ಆನೆ ಹಿಡಿದ ಮಗುವಿನಿಂದ ಆನೆ ಕಿತ್ತು ಬಿಸಾಡಿ ಏನು ಪ್ರಯೋಜನ? ಬೆಳಗ್ಗೆ ಅದು ಅವಳ ಹಾಸಿಗೆಯ ಪಕ್ಕದಲ್ಲೇ ಇರುತ್ತದೆ.

ಎಲ್ಲರಿಗೂ ಜ್ಞಾನೋದಯವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ವಾರದ ನಂತರ ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಅಟ್ಟ ತುಂಬಿ, ಮಂಚದ ಕೆಳಗೆ ತುಂಬಿ, ಕಾಲಿಡಲು ಜಾಗವಿಲ್ಲದೆ ಹೊಸದು ಕೊಳ್ಳುವುದು ನಿಂತಿತು. ಜಯದೇವ ಅಂಗಡಿಯ ಮುಂದೆ 'ಆಟಿಕೆ ರಿಪೇರಿ' ಎಂಬ ಬೋರ್ಡು ಬರೆಸಲು ನನ್ನಲ್ಲಿಗೆ ಬಂದ. ಹೊರಗಿನ ತಂಡದವರ ವರದಿಯಲ್ಲಿ ನಮ್ಮ ಊರಿನ ಜನ ಹೊಸ ವಸ್ತುಗಳ ಮೋಹವನ್ನೇ ಗೆದ್ದಿದ್ದಾರೆ ಎಂದು ಬಂತು. ಹಲ್ಲು ಬಿದ್ದ ಮಕ್ಕಳ ಮನೆಯವರು ಮಾತ್ರ ಸಿಕ್ಕಿದ್ದನ್ನೆಲ್ಲ ಮತ್ತೆ ಎಸೆದರು. ಅದು ಮತ್ತೆ ಎಲ್ಲಿಗೋ ಹೋಯಿತು.

ಮಕ್ಕಳು ಬಯಸದೇ ಉಳಿದದ್ದು ಇನ್ನೂ ಅರ್ಧ ಗುಡ್ಡದಷ್ಟಿದೆ. ಪುರಸಭೆಯವರು ಅದರ ಸುತ್ತ ಬೇಲಿ ಹಾಕಿ, ನನ್ನ ಹೆಸರು ಬರೆದು, 'ದಯವಿಟ್ಟು ಮುಟ್ಟಬೇಡಿ' ಎಂಬ ಫಲಕ ನೆಟ್ಟಿದ್ದಾರೆ. ಹುಡುಗರು ಕ್ರಿಕೆಟ್ ಆಡುವಾಗ ಚೆಂಡು ಅದರೊಳಕ್ಕೆ ಹೋದರೆ ನಾಲ್ಕು ರನ್ನು. ನಾನು ದಿನವೂ ಶಾಲೆ ಬಿಟ್ಟ ಮೇಲೆ ಬೇಲಿ ದಾಟಿ ಹೋಗಿ ಗಾಜು ಬೇರೆ, ತಗಡು ಬೇರೆ ಎಂದು ವಿಂಗಡಿಸುತ್ತೇನೆ. ಕಲಾವಿದ ತನ್ನ ಕೃತಿಯನ್ನು ತಿದ್ದುತ್ತಿದ್ದಾನೆ ಎಂದುಕೊಂಡು ಯಾರೂ ತಡೆಯುವುದಿಲ್ಲ.

ಬಾಣಂತನದ ಕೊನೆಯ ದಿನಗಳಲ್ಲಿ ಒಂದು ಸಂಜೆ ಮಂಗಳನೂ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಜೊತೆಗೆ ದೊಡ್ಡತಾಯಮ್ಮ. ನಾನು ತಗಡುಗಳನ್ನು ಜೋಡಿಸುತ್ತಿದ್ದಾಗ ಮಂಗಳ "ಅದು, ಅಲ್ಲಿ, ನಿಮ್ಮ ಎಡಗಾಲ ಹತ್ತಿರ" ಎಂದಳು. ಬಗ್ಗಿ ತೆಗೆದೆ. ಹಳದಿ ಬಣ್ಣದ ಒಂದು ಗಿಲಕಿ. ಬಣ್ಣ ಮಾಸಿತ್ತು, ಹೊರಗಿನ ಪ್ಲಾಸ್ಟಿಕ್ ಕಾಗದವನ್ನು ಸಹ ಬಿಡಿಸಿರಲಿಲ್ಲ.

"ಯಾರ ಮನೇದು ಇದು?" ಎಂದೆ.

"ನಮ್ದು."

ನಾನು ಅವಳನ್ನು ನೋಡಿದೆ.

"ಮದುವೆಯಾದ ವರ್ಷ ಜಾತ್ರೆ ಅಂಗಡೀಲಿ ತಗೊಂಡಿದ್ದೆ. ನಿಮಗೆ ಹೇಳಿರ್ಲಿಲ್ಲ. ಸೀರೆಗಳ ಕೆಳಗೆ ಇಟ್ಟಿದ್ದೆ. ಎಷ್ಟೋ ವರ್ಷ ಇತ್ತು. ಆಮೇಲೆ ಯಾರದೋ ಮನೆ ನಾಮಕರಣದ ಮೂಟೆ ತಂದಿದ್ರಲ್ಲ ನೀವು, ಅದರ ಜೊತೇಲೇ ಗುಂಡಿಗೆ ಹಾಕಿಬಿಟ್ಟೆ."

ಸೈಕಲ್ಲಿಗೆ ಮೂಟೆ ಕಟ್ಟಿಕೊಂಡು ಸಿಳ್ಳೆ ಹಾಕುತ್ತ ಬರುತ್ತಿದ್ದ ದಿನಗಳು ನನಗೆ ನೆನಪಿದ್ದವು. ಅವುಗಳಲ್ಲಿ ಇದು ಯಾವ ದಿನವೋ ನನಗೆ ಗೊತ್ತಿರಲಿಲ್ಲ. ಶಾಲೆಯ ನಲ್ಲಿಗೆ ಹೋಗಿ ಗಿಲಕಿಯನ್ನು ಕಾಗದ ಬಿಡಿಸಿ ತೊಳೆದು, ಅಂಗಿಯ ತುದಿಯಿಂದ ಒರೆಸಿ ತಂದುಕೊಟ್ಟೆ. ಮಂಗಳ ಅದನ್ನು ಮಗುವಿನ ಮುಖದ ಮುಂದೆ ಹಿಡಿದು ಅಲ್ಲಾಡಿಸಿದಳು. ಒಳಗಿನ ಮಣಿಗಳು ಸದ್ದು ಮಾಡಿದವು. ಮಗು ಬೆಚ್ಚಿಬಿದ್ದು, ತುಟಿ ತಿರುಚಿ, ಬಯಲೆಲ್ಲ ಕೇಳುವ ಹಾಗೆ ಕಿರುಚಿಕೊಂಡಿತು.

"ಥೂ, ಆ ಪ್ಲಾಸ್ಟಿಕ್ಕೆಲ್ಲ ಎಳೆ ಕೂಸಿನ ಬಾಯಿ ಹತ್ರ ಹಿಡೀತಾರೇನೇ?" ಎಂದು ದೊಡ್ಡತಾಯಮ್ಮ ಮಗುವನ್ನು ಕಿತ್ತುಕೊಂಡಳು. "ಎಸಿಯೇ ಅತ್ಲಾಗೆ ಅದನ್ನ!"

ಮಂಗಳ ಗಿಲಕಿ ಹಿಡಿದ ಕೈಯನ್ನು ಎತ್ತಿದವಳು ಹಾಗೇ ನಿಂತಳು. ನನ್ನ ಮುಖ ನೋಡಿದಳು, ಬೇಲಿ ನೋಡಿದಳು, ದೊಡ್ಡತಾಯಮ್ಮನ ತೋಳಿನಲ್ಲಿ ಅಳುತ್ತಿದ್ದ ಮಗಳನ್ನು ನೋಡಿದಳು. ಆಮೇಲೆ ಅವಳಿಗೆ ನಗು ಬಂತು. ತಲೆಗೆ ಕಟ್ಟಿದ್ದ ಬಟ್ಟೆ ಜಾರುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಎಲ್ಲಿಗೆ ಅಂತ ಎಸೀಲಮ್ಮಾ?" ಎಂದಳು.